ಎಳೆಯ ತಂತಿವಾದಕರ ಶಿಕ್ಷಣವೂ ಮೊದಲ ಕೀರ್ತಿಯೂ



ಜಾತ್ರಾಮಹೋತ್ಸವದ ಸಂಗೀತಸಭೆಯನ್ನು ನೀವೆಲ್ಲರೂ ಕಂಡವರೇ. ರಥೋತ್ಸವ ಮುಗಿದಿರುತ್ತದೆ. ಪ್ರಸಾದ ಸ್ವೀಕರಿಸಿದ ಜನ ವೇದಿಕೆಯ ಮುಂದೆ ನೆರೆದಿರುತ್ತಾರೆ. ಎಂಟೊಂಬತ್ತು ವರ್ಷದ ಮಗುವೊಂದು ತನ್ನ ಅಳತೆಯ ಚಿಕ್ಕ ಪಿಟೀಲನ್ನು ಹಿಡಿದು ಬಂದು, ಪೂಜ್ಯರಿಗೆ ನಮಸ್ಕರಿಸಿ ಕುಳಿತುಕೊಳ್ಳುತ್ತದೆ. ನಿರೂಪಕರು ಮೊದಲು ಮಗುವಿನ ಹೆಸರನ್ನೂ, ಬಳಿಕ ಅದರ ವಯಸ್ಸನ್ನೂ ಹೇಳುತ್ತಾರೆ. ವಯಸ್ಸನ್ನು ಕೇಳಿದೊಡನೆಯೇ ಚಪ್ಪಾಳೆ ಏಳುತ್ತದೆ. ತಂತಿಯ ಮೇಲೆ ಕಮಾನು ಇನ್ನೂ ತಾಗಿರುವುದಿಲ್ಲ. ಒಂದು ಸ್ವರವೂ ಹೊರಟಿರುವುದಿಲ್ಲ. ಹಾಗಾದರೆ ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪ್ರಶ್ನೆಯನ್ನು ಕೇಳುವ ಅಧಿಕಾರ ನನಗೆ ಬಂದದ್ದು ನನ್ನದೇ ತಪ್ಪಿನಿಂದ. ಈಚೆಗೆ ಹಳೆಯ ಕಾಗದಪತ್ರಗಳನ್ನು ತೆಗೆದು ನೋಡುತ್ತಿರುವಾಗ, ಬಹು ವರ್ಷಗಳ ಹಿಂದೆ ನಾನು ಬರೆದ ಒಂದು ವಿಮರ್ಶೆ ಕೈಗೆ ಸಿಕ್ಕಿತು. ಅದು ಒಬ್ಬ ಬಾಲವಾದಕನ ಪಿಟೀಲು ಕಛೇರಿಯನ್ನು ಕುರಿತದ್ದು. ಆ ಒಂದೇ ಪುಟದಲ್ಲಿ ಹುಡುಗನ ವಯಸ್ಸನ್ನು ನಾಲ್ಕು ಬಾರಿ ಬರೆದಿದ್ದೇನೆ. ಆತ ವಿಸ್ತರಿಸಿದ ರಾಗದ ಹೆಸರು ಒಮ್ಮೆ ಮಾತ್ರ ಬಂದಿದೆ. ಶ್ರುತಿಯ ವಿಷಯವಾಗಿ ಒಂದಕ್ಷರವೂ ಇಲ್ಲ. ಆ ಹುಡುಗ ಹದಿನಾರನೆಯ ವಯಸ್ಸಿಗೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದನೆಂದು ಬಳಿಕ ತಿಳಿಯಿತು. ಅದಕ್ಕೆ ಕಾರಣಗಳು ಹಲವಿದ್ದಿರಬಹುದು. ಆದರೆ ಆತನಿಗೆ ಪ್ರಯೋಜನವಾಗುವಂಥ ಒಂದು ಮಾತೂ ನನ್ನ ಬರಹದಲ್ಲಿರಲಿಲ್ಲವೆಂಬುದು ನಿಶ್ಚಯ. ವಿಮರ್ಶಕನಾದವನು ಕಿವಿಯನ್ನು ಮನೆಯಲ್ಲಿ ಬಿಟ್ಟು ಕಣ್ಣನ್ನು ಮಾತ್ರ ಕಛೇರಿಗೆ ಒಯ್ದರೆ ಆಗುವುದು ಹೀಗೆಯೇ.

ಎಳವೆಯಲ್ಲಿಯೇ ಕಲಿಕೆಗೆ ತೊಡಗುವುದು ತಪ್ಪೆಂದು ಯಾರೂ ಹೇಳಲಾರರು. ತಂತಿವಾದ್ಯಗಳ ಸ್ವಭಾವವೇ ಅದನ್ನು ಬೇಡುತ್ತದೆ. ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಗಾಂಧಾರ ಎಲ್ಲಿದೆಯೆಂಬುದನ್ನು ಕಣ್ಣು ತೋರಿಸಿಕೊಡಲಾರದು. ಕಿವಿ ಹುಡುಕಬೇಕು, ಬೆರಳು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೂದಲೆಳೆಯಷ್ಟು ಬೆರಳು ಸರಿದರೂ ಸ್ವರ ಕೆಡುತ್ತದೆ. ಎಡಗೈ ಸ್ವರವನ್ನು ಹುಡುಕುತ್ತಿರುವಾಗ ಬಲಗೈ ಕಮಾನಿನ ಭಾರವನ್ನೂ ವೇಗವನ್ನೂ ತೂಗುತ್ತಿರಬೇಕು. ಎಲುಬು ಇನ್ನೂ ಬಲಿಯದ, ಕಿವಿ ಇನ್ನೂ ಹಠಮಾರಿಯಾಗದ ವಯಸ್ಸಿನಲ್ಲಿ ಈ ಎರಡು ಕೈಗಳ ಒಡಂಬಡಿಕೆ ಸುಲಭವಾಗಿ ನೆಲೆಗೊಳ್ಳುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಮಾಯಾಮಾಳವಗೌಳದ ಸರಳೆಯಿಂದ ತೊಡಗಿ ಜಂಟಿವರಸೆ, ದಾಟುವರಸೆ, ಅಲಂಕಾರ, ಗೀತೆ, ವರ್ಣಗಳೆಂಬ ಕ್ರಮವನ್ನು ಕಟ್ಟಿಕೊಟ್ಟರು. ಆ ಕ್ರಮದಲ್ಲಿ ಒಂದೊಂದು ಪಾಠವೂ ಮುಂದಿನ ಪಾಠದ ಅಡಿಗಲ್ಲು.

ಬೇಗ ತೊಡಗುವುದು ಬೇರೆ, ಬೇಗ ಮೆರೆಯುವುದು ಬೇರೆ. ಇವೆರಡನ್ನೂ ನಾವು ಒಂದೆಂದು ತಿಳಿದಿದ್ದೇವೆ. ಇವೆರಡರ ನಡುವಣ ಅಂತರವನ್ನು ತೋರಿಸಲು, ಇಪ್ಪತ್ತನೆಯ ಶತಮಾನವು ಕಂಡ ಅತ್ಯಂತ ಪ್ರಸಿದ್ಧ ಬಾಲವಾದಕನ ಜೀವನಕ್ಕಿಂತ ಉತ್ತಮವಾದ ನಿದರ್ಶನ ಬೇರೆ ಬೇಕಿಲ್ಲ.

ಯೆಹೂದಿ ಮೆನುಹಿನ್ 1916ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಹುಟ್ಟಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೆಳೆದವನು. ಏಳನೆಯ ವಯಸ್ಸಿನಲ್ಲಿಯೇ ಅಲ್ಲಿಯ ವಾದ್ಯವೃಂದದೊಡನೆ ನುಡಿಸಿದನು. 1927ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಬೀಥೋವನ್ನನ ಪಿಟೀಲು ಕೃತಿಯನ್ನು ನುಡಿಸಿದಾಗ ಆತನಿಗೆ ಹನ್ನೊಂದು ವರ್ಷ. 1929ರಲ್ಲಿ ಬರ್ಲಿನ್ ನಗರದಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಎಂಬ ಮೂವರು ಮಹಾಕರ್ತೃಗಳ ದೊಡ್ಡ ಕೃತಿಗಳನ್ನು ಒಂದೇ ಸಂಜೆ ನುಡಿಸಿದನು. 1932ರಲ್ಲಿ ಇಂಗ್ಲೆಂಡಿನ ವೃದ್ಧ ಸಂಗೀತಕಾರ ಎಲ್ಗಾರ್ ತಾನೇ ನಿಂತು ವಾದ್ಯವೃಂದವನ್ನು ನಡೆಸಲು, ಹದಿನಾರರ ಮೆನುಹಿನ್ ಆತನ ಕೃತಿಯನ್ನು ನುಡಿಸಿದ ಧ್ವನಿಮುದ್ರಿಕೆ ಇಂದಿಗೂ ರಸಿಕರಿಗೆ ಪ್ರಿಯವಾಗಿದೆ. ಆ ವಾದನದಲ್ಲಿರುವ ಭಾವ ನಿಜವಾದದ್ದು. ಅದನ್ನು ಅಲ್ಲಗಳೆಯುವ ವಿಮರ್ಶೆ ವಿಮರ್ಶೆಯೇ ಅಲ್ಲ.

ಆದರೆ ಈ ಕೀರ್ತಿಯ ಆರಂಭದಲ್ಲಿಯೇ ಒಂದು ಚಿಕ್ಕ ಘಟನೆ ನಡೆದಿತ್ತು. ಅದನ್ನು ಮೆನುಹಿನ್ ಸ್ವತಃ 1977ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಯೂರೋಪಿಗೆ ಹೋದ ಬಾಲಕನನ್ನು ಬೆಲ್ಜಿಯಮ್ಮಿನ ಮಹಾವಿದ್ವಾಂಸ ಇಸಾಯ್ ಎಂಬಾತನ ಬಳಿ ಕರೆದೊಯ್ದರು. ಬಾಲಕನ ಗುರು ಪರ್ಸಿಂಜರನಿಗೆ ಪಾಠ ಹೇಳಿದ ಗುರು ಆತ. ಬಾಲಕ ಕಠಿಣವಾದ ಕೃತಿಯೊಂದನ್ನು ನಿರರ್ಗಳವಾಗಿ ನುಡಿಸಿದನು. ವೃದ್ಧನಿಗೆ ಸಂತೋಷವಾಯಿತು. ಅನಂತರ ಆತ ಕೇಳಿದ್ದು ಬಹು ಸರಳವಾದುದೊಂದನ್ನು: ಒಂದು ಶ್ರುತಿಯ ಮುಖ್ಯಸ್ವರಗಳ ಮೇಲೆ ಮೆಟ್ಟಿಲೇರುವಂತೆ ನಾಲ್ಕು ಸ್ಥಾಯಿಗಳವರೆಗೆ ಹೋಗಿಬರುವ ಅಭ್ಯಾಸಪಾಠ. ನಮ್ಮ ದಾಟುವರಸೆಯಂಥದೇ ಎನ್ನಿ. ಬಾಲಕನ ಬೆರಳುಗಳು ಕತ್ತಲೆಯಲ್ಲಿ ತಡಕಾಡಿದಂತೆ ತಡಕಾಡಿದವು. ಇಂಥ ಪಾಠಗಳನ್ನು ಸಾಧಿಸಿಕೊಂಡರೆ ನಿನಗೆ ಒಳ್ಳೆಯದೆಂದು ವೃದ್ಧ ಹೇಳಿದನು. ಬಾಲಕ ಆತನಲ್ಲಿ ನಿಲ್ಲಲಿಲ್ಲ. ತನ್ನ ಮನಸ್ಸಿಗೆ ಒಪ್ಪಿದ ರುಮೇನಿಯಾದ ಎನೆಸ್ಕುವನ್ನು ಪ್ಯಾರಿಸಿನಲ್ಲಿ ಗುರುವಾಗಿ ಆರಿಸಿಕೊಂಡನು. ಎನೆಸ್ಕು ಮಹಾಕಲಾವಿದ, ಆತನಿಂದ ಮೆನುಹಿನ್ ಪಡೆದದ್ದು ಅಪಾರ. ಆದರೆ ಆ ಮೆಟ್ಟಿಲುಪಾಠ ಮಾತ್ರ ಹಾಗೆಯೇ ಉಳಿಯಿತು.

ಉಳಿದ ಬಾಕಿಯನ್ನು ಕಾಲ ಬಡ್ಡಿಸಹಿತ ಕೇಳಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಮೆನುಹಿನ್ ಸೈನಿಕರಿಗಾಗಿ ಐನೂರಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿದನು. ದಣಿದ ದೇಹದಲ್ಲಿ ಬಾಲ್ಯದ ಸಹಜಸ್ಫೂರ್ತಿ ಕೈಕೊಟ್ಟಿತು. ಕಮಾನು ಹಿಡಿದ ಕೈ ಹೇಳಿದಂತೆ ಕೇಳದಾಯಿತು. ಮಗುವಾಗಿದ್ದಾಗ ಯಾವುದನ್ನು ತಿಳಿಯದೆಯೇ ಮಾಡುತ್ತಿದ್ದನೋ ಅದನ್ನು ಈಗ ತಿಳಿದು ಮಾಡಬೇಕಾಯಿತು. ಮೂವತ್ತು ದಾಟಿದ ಜಗತ್ಪ್ರಸಿದ್ಧ ವಾದಕ, ಕಮಾನನ್ನು ಹಿಡಿಯುವುದು ಹೇಗೆ, ಉಸಿರಾಡುವುದು ಹೇಗೆ, ನಿಲ್ಲುವುದು ಹೇಗೆ ಎಂಬ ಪ್ರಥಮಪಾಠಗಳಿಗೆ ಮರಳಿದನು.

ಇಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಸಂಗತಿಯೊಂದಿದೆ. 1952ರಲ್ಲಿ ಭಾರತಕ್ಕೆ ಬಂದ ಮೆನುಹಿನ್ ಮುಂಬಯಿಯಲ್ಲಿ ಬಿ. ಕೆ. ಎಸ್. ಅಯ್ಯಂಗಾರರನ್ನು ಕಂಡನು. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದವರು. ಬಾಲ್ಯದಲ್ಲಿ ರೋಗಪೀಡಿತರಾಗಿದ್ದು, ಮೈಸೂರಿನಲ್ಲಿ ತಮ್ಮ ಭಾವನವರಾದ ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿತು ದೇಹವನ್ನು ಕಟ್ಟಿಕೊಂಡವರು. ಅವರು ಕಲಿಸಿದ ಆಸನ ಪ್ರಾಣಾಯಾಮಗಳಿಂದ ಮೆನುಹಿನ್ನನ ಮೈಯ ಬಿಗಿ ಸಡಿಲಿತು. ಪಿಟೀಲನ್ನು ನುಡಿಸಲರಿಯದ ಅಯ್ಯಂಗಾರರನ್ನು ಆತ ತನ್ನ ಪಿಟೀಲು ಗುರುವೆಂದೇ ಗೌರವಿಸಿದನು. ಈ ಮಾತಿನಲ್ಲಿ ವಿನಯವಿದ್ದಷ್ಟೇ ಸತ್ಯವೂ ಇದೆ. ಮಗುವಿಗೆ ಮೊದಲು ದೊರೆಯಬೇಕಾಗಿದ್ದ ಶಿಕ್ಷಣ, ಅಂದರೆ ದೇಹವನ್ನು ವಾದ್ಯಕ್ಕೆ ಒಗ್ಗಿಸುವ ಶಿಕ್ಷಣ, ಆತನಿಗೆ ಕೀರ್ತಿಯ ಶಿಖರವನ್ನೇರಿದ ಮೇಲೆ ದೊರೆಯಿತು. 1963ರಲ್ಲಿ ಮೆನುಹಿನ್ ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಸಂಗೀತಶಾಲೆಯೊಂದನ್ನು ತೆರೆದನು. ತನಗೆ ತಪ್ಪಿಹೋದದ್ದು ಇತರ ಮಕ್ಕಳಿಗೆ ತಪ್ಪಬಾರದೆಂಬ ಕಾಳಜಿಯನ್ನು ನಾನು ಆ ಶಾಲೆಯಲ್ಲಿ ಕಾಣುತ್ತೇನೆ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಜನಿಸಿದ ಟಿ. ಚೌಡಯ್ಯನವರು ಎಳೆಹರೆಯದಲ್ಲಿಯೇ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು, ಪಾಠದಲ್ಲಿ ಬಹು ನಿಷ್ಠುರರೆಂದು ಹೆಸರಾದವರು. ಪಿಟೀಲು ಕಲಿಯಬೇಕಾದ ಹುಡುಗ ಗಾಯಕರ ಮನೆಯಲ್ಲಿ ಬೆಳೆದದ್ದು ಮುಖ್ಯವಾದ ಸಂಗತಿ. ನಮ್ಮ ಪದ್ಧತಿಯಲ್ಲಿ ವಾದ್ಯ ಕಂಠವನ್ನು ಅನುಸರಿಸಬೇಕು. ಹಾಡಿದ ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆಯೋ ಅಲ್ಲಿ ಕಮಾನು ತಿರುಗಬೇಕು. ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿ ವಾದ್ಯವೂ ಉಸಿರಾಡಬೇಕು. ಇದನ್ನು ಬೆರಳಿಗೆ ಮಾತ್ರ ಕಲಿಸಲಾಗದು.

ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಯ ಸಾಲಿಗೆ ಮುಟ್ಟದಿದ್ದುದನ್ನು ಕಂಡು ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಪದವಿಯನ್ನು ನೀಡಿತು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಂಗಣ ಅವರ ಹೆಸರನ್ನು ಹೊತ್ತು ನಿಂತಿದೆ. ಚೌಡಯ್ಯನವರ ಹೆಸರನ್ನು ಎತ್ತಿದೊಡನೆ ನಮಗೆ ನೆನಪಾಗುವುದು ಆ ಏಳು ತಂತಿಗಳು. ಸಭಿಕರ ಕೊನೆಯ ಸಾಲನ್ನು ನೆನೆದು ವಾದ್ಯವನ್ನೇ ಮಾರ್ಪಡಿಸುವ ಧೈರ್ಯ, ವಾದ್ಯದ ಮೂಲವನ್ನು ಬಲ್ಲವನಿಗೆ ಮಾತ್ರ ಬರುವಂಥದು.

ಇದರಿಂದ ಎಳೆಯ ಸಾಧನೆಯೆಲ್ಲವೂ ಪೊಳ್ಳೆಂಬ ತೀರ್ಮಾನಕ್ಕೆ ವಾಚಕರು ಬರಬಾರದು. ಅದಕ್ಕೆ ಎದುರಾದ ಉಜ್ವಲ ನಿದರ್ಶನ ಉಪ್ಪಲಪು ಶ್ರೀನಿವಾಸರದು. 1969ರಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಇವರು ಮ್ಯಾಂಡೋಲಿನ್ ಎಂಬ ವಿದೇಶೀ ವಾದ್ಯವನ್ನು ಹಿಡಿದು 1978ರಲ್ಲಿ ಗುಡಿವಾಡದ ತ್ಯಾಗರಾಜೋತ್ಸವದಲ್ಲಿ ಮೊದಲ ಕಛೇರಿ ಮಾಡಿದರು. 1981ರಲ್ಲಿ ಮದರಾಸಿನ ರಸಿಕರನ್ನು ಬೆರಗುಗೊಳಿಸಿದರು. ಕರ್ನಾಟಕ ಸಂಗೀತಕ್ಕೆ ಆ ವಾದ್ಯ ಒಗ್ಗದೆಂದು ಶಂಕಿಸಿದವರೂ ಅವರ ಗಮಕಗಳನ್ನು ಕೇಳಿ ತಲೆದೂಗಿದರು. ಇದರ ಗುಟ್ಟು ಎಲ್ಲಿದೆ? ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೋಲಿನ್ ವಾದನ ತಿಳಿದಿರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದ ಅವರು ಹಾಡಿ ತೋರಿಸುವರು. ಬಾಲಕ ಅದನ್ನು ಕೇಳಿ ತನ್ನ ತಂತಿಯ ಮೇಲೆ ತಾನೇ ಹುಡುಕಿಕೊಳ್ಳುವನು. ಆ ಬೆರಳುಗಳ ವೇಗದ ಹಿಂದೆ ಒಂದು ಕಂಠವಿತ್ತು. ಜಗತ್ತು ವೇಗವನ್ನು ಕಂಡು ಬೆರಗಾಯಿತು, ಬಾಳಿದ್ದು ಕಂಠ. 1998ರಲ್ಲಿ ಪದ್ಮಶ್ರೀ ಪಡೆದ ಅವರು 2014ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ಅಗಲಿದಾಗ ನಾಡು ಮರುಗಿದ್ದು ಪರಿಪಕ್ವ ವಿದ್ವಾಂಸರೊಬ್ಬರಿಗಾಗಿ. ಬಾಲಪ್ರತಿಭೆಯೆಂಬ ಮಾತು ಅವರ ಪಾಲಿಗೆ ಎಂದೋ ಹಳೆಯದಾಗಿತ್ತು.

ಮೆನುಹಿನ್ನನಿಗೂ ಶ್ರೀನಿವಾಸರಿಗೂ ಕೀರ್ತಿ ಬಂದದ್ದು ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ. ಆದುದರಿಂದ ವಯಸ್ಸು ಅಳತೆಗೋಲಾಗಲಾರದು. ಕೀರ್ತಿ ಬಂದ ಗಳಿಗೆಯಲ್ಲಿ ಕೈಯ ಕೆಳಗೆ ಯಾವ ನೆಲವಿತ್ತೆಂಬುದೇ ಅಳತೆಗೋಲು.

ನೆಲವನ್ನು ಗಟ್ಟಿಮಾಡುವ ಹೆಸರಿನಲ್ಲಿ ಮಗುವನ್ನು ಹಿಂಸಿಸುವುದೂ ಸಲ್ಲದು. ಮೈಹರಿನ ಅಲ್ಲಾವುದ್ದೀನ್ ಖಾನರ ಶಿಕ್ಷಣ ನಮ್ಮ ದೇಶದ ತಂತಿವಾದನಕ್ಕೆ ಮಹಾಫಲಗಳನ್ನು ಕೊಟ್ಟಿತು. ಮಗ ಅಲಿ ಅಕ್ಬರ್ ಖಾನ್, ಮಗಳು ಅನ್ನಪೂರ್ಣಾದೇವಿ, ಶಿಷ್ಯ ರವಿಶಂಕರ್ ಅಲ್ಲಿ ಅರಳಿದವರು. ಅಣ್ಣ ಉದಯಶಂಕರರ ನೃತ್ಯತಂಡದೊಡನೆ ಯೂರೋಪನ್ನು ಕಂಡು, ಕುಣಿದು, ಮೆಚ್ಚುಗೆ ಪಡೆದ ರವಿಶಂಕರ್ 1938ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಅದೆಲ್ಲವನ್ನೂ ಬಿಟ್ಟು ಮೈಹರಿನಂಥ ಚಿಕ್ಕ ಊರಿಗೆ ಕಲಿಯಲು ಬಂದರು. ಮೊದಲ ಕೀರ್ತಿಯನ್ನು ಕೈಯಾರೆ ಕಳಚಿಡಬಲ್ಲ ಈ ವಿವೇಕ ಮೆಚ್ಚಬೇಕಾದದ್ದು. ಆದರೆ ಅದೇ ಮನೆಯಲ್ಲಿ ಅಲಿ ಅಕ್ಬರರ ಬಾಲ್ಯ ದೀರ್ಘವಾದ ಅಭ್ಯಾಸದಲ್ಲಿಯೂ ತಂದೆಯ ಕಠೋರವಾದ ಶಿಕ್ಷೆಯಲ್ಲಿಯೂ ಕಳೆಯಿತು. ಫಲ ದೊಡ್ಡದಾಯಿತೆಂಬ ಕಾರಣಕ್ಕೆ ಏಟನ್ನು ಗುರುಕೃಪೆಯೆಂದು ಬಣ್ಣಿಸುವ ವಾಡಿಕೆಯನ್ನು ನಾನು ಒಪ್ಪಲಾರೆ. ಏಟು ತಿಂದು ಮಹಾವಿದ್ವಾಂಸರಾದವರನ್ನು ಲೋಕ ಎಣಿಸುತ್ತದೆ. ಏಟು ತಿಂದು ವಾದ್ಯವನ್ನೇ ದ್ವೇಷಿಸಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಅದೇ ಪರಂಪರೆಯಿಂದ ಕನ್ನಡನಾಡಿಗೆ ಇನ್ನೊಂದು ಪಾಠವೂ ಬಂದಿದೆ. 1932ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ರಾಜೀವ ತಾರಾನಾಥರು ಮೊದಲು ಹಾಡುಗಾರಿಕೆಯಲ್ಲಿ ಪಳಗಿದವರು, ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರು. ಅವರು ಅಲಿ ಅಕ್ಬರ್ ಖಾನರ ವಾದನವನ್ನು ಕೇಳಿ ಮನಸೋತು, ಕಲ್ಕತ್ತೆಗೆ ಹೋಗಿ ಸರೋದನ್ನು ಕಲಿಯತೊಡಗಿದ್ದು ಇಪ್ಪತ್ತು ದಾಟಿದ ಮೇಲೆ. 2024ರಲ್ಲಿ ಮೈಸೂರಿನಲ್ಲಿ ಅವರು ನಿಧನರಾದಾಗ ದೇಶದ ಹಿರಿಯ ಸರೋದ್ ವಾದಕರಲ್ಲೊಬ್ಬರನ್ನು ನಾವು ಕಳೆದುಕೊಂಡೆವು. ಎಳವೆಯ ವೇದಿಕೆ ಅವರಿಗೆ ಸರೋದ್ ವಾದಕರಾಗಿ ದೊರೆತಿರಲಿಲ್ಲ. ಅದರಿಂದ ಅವರಿಗಾಗಲಿ ನಮಗಾಗಲಿ ಆದ ನಷ್ಟವೇನು?

ಕೊನೆಗೆ ಉಳಿಯುವ ಪ್ರಶ್ನೆ ಒಂದೇ. ಚಪ್ಪಾಳೆಯಿಲ್ಲದ ಕಲಿಕೆಯ ವರ್ಷಗಳ ಭಾರವನ್ನು ಹೊರುವವರು ಯಾರು? ಮೈಸೂರಿನಲ್ಲಿ ಗುರುವಿನ ಮನೆ ಹೊತ್ತಿತು. ಮೈಹರಿನಲ್ಲಿ ಅರಸರ ಆಶ್ರಯ ಹೊತ್ತಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮ ಹೊತ್ತಿತು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತಶಿಕ್ಷಣ ಪಡೆದ ಅಂಧಗಾಯಕ ಪಂಚಾಕ್ಷರಿ ಗವಾಯಿಗಳು ಅದನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಗಾಯನದೊಡನೆ ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾ ಮುಂತಾದ ಹಲವು ವಾದ್ಯಗಳಲ್ಲಿ ಪರಿಣತರಾದವರು. ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅಲ್ಲಿ ಅನ್ನ, ವಸತಿ, ವಿದ್ಯೆ ಮೂರೂ ದೊರೆತವು. ಕಾಣದ ಮಗುವಿಗೆ ಪಿಟೀಲಿನ ಗಾಂಧಾರವನ್ನು ಹುಡುಕಿಕೊಡಲು ಎಷ್ಟು ತಿಂಗಳು ಹಿಡಿಯಬಹುದೆಂದು ಯೋಚಿಸಿ. ಆ ತಿಂಗಳುಗಳುದ್ದಕ್ಕೂ ಎರಡು ಹೊತ್ತಿನ ರೊಟ್ಟಿಯನ್ನು ಮಡಿಲಿಗಿಕ್ಕಿದ ಭಕ್ತರ ಹೆಸರು ಯಾವ ಕಛೇರಿಯ ಆಹ್ವಾನಪತ್ರಿಕೆಯಲ್ಲಿಯೂ ಅಚ್ಚಾಗಲಿಲ್ಲ. ದಾಸೋಹವೆಂದರೆ ಅದೇ ಅಲ್ಲವೇ?

ಈ ಪತ್ರಿಕೆಯನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು. ಆ ವರ್ಷಗಳಲ್ಲಿ ಯಾರಾದರೂ ನಿಮ್ಮನ್ನು ವೇದಿಕೆಗೆ ಕರೆದು, ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಪಾಠ ಬಲ್ಲನೆಂದು ಹಾರ ಹಾಕಿದರೇ? ಇಲ್ಲ. ತಟ್ಟೆಯಲ್ಲಿ ಅನ್ನವನ್ನಿಟ್ಟರು, ದೀಪಕ್ಕೆ ಎಣ್ಣೆ ಕೊಟ್ಟರು, ಕಾದರು. ಹಾಗೆ ಕಾದದ್ದರಿಂದಲೇ ನೀವು ಕಲಿತದ್ದು ನಿಮ್ಮದಾಯಿತು. ನಮಗೆ ದೊರೆತ ಈ ತಾಳ್ಮೆಯನ್ನು ಇಂದಿನ ಎಳೆಯ ವಾದಕರಿಗೆ ನಾವೇಕೆ ಕೊಡಬಾರದು?

ಮಾಡಬೇಕಾದದ್ದು ಬಹಳವಿಲ್ಲ. ಮುಂದಿನ ಜಾತ್ರೆಯ ಸಭೆಯಲ್ಲಿ ಮಗುವಿನ ವಯಸ್ಸನ್ನು ಹೇಳದೆ, ಆತನ ಗುರುವಿನ ಹೆಸರನ್ನು ಹೇಳೋಣ. ಹತ್ತು ನಿಮಿಷದ ವೇಗದ ಸ್ವರಗಳಿಗೆ ಬದಲು ಒಂದು ವರ್ಣವನ್ನು ವಿಳಂಬಕಾಲದಲ್ಲಿ ನುಡಿಸಲು ಬಿಡೋಣ. ಶ್ರುತಿ ನಿಂತರೆ ಆಗ ತಲೆದೂಗೋಣ. ಕೊಡುವ ಹಾರ, ಶಾಲು, ಫಲಕಗಳ ಹಣದಲ್ಲಿ ಒಂದು ವರ್ಷದ ಪಾಠದ ಖರ್ಚನ್ನೋ, ಮಗು ಬೆಳೆದಾಗ ಬೇಕಾಗುವ ದೊಡ್ಡ ಪಿಟೀಲನ್ನೋ ಕೊಡಿಸೋಣ. ಮಗು ಒಮ್ಮೆ ತಪ್ಪಿದರೆ ನಗದಿರೋಣ. ಐದು ವರ್ಷಗಳ ಬಳಿಕ ಅದೇ ಮಗುವನ್ನು ಮತ್ತೆ ಕರೆಸೋಣ. ಮೊದಲ ಸಲ ಕರೆಸುವವರು ಹಲವರು. ಎರಡನೆಯ ಸಲ ಕರೆಸಿ ಕೇಳುವವರೇ ನಿಜವಾದ ರಸಿಕರು.

ನನ್ನ ಆ ಹಳೆಯ ವಿಮರ್ಶೆಯನ್ನು ಹರಿದುಹಾಕಿಲ್ಲ. ಬರೆಯಲು ಕುಳಿತಾಗಲೆಲ್ಲ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆಯಲ್ಲಿ ಮುಚ್ಚಿಹೋದ ಆ ಪಿಟೀಲಿನ ತಂತಿಗಳು ಇಷ್ಟರಲ್ಲಿ ತುಕ್ಕು ಹಿಡಿದಿರಬಹುದು. ತಂತಿಯನ್ನು ಬದಲಿಸಬಹುದು, ಕಳೆದ ಬಾಲ್ಯವನ್ನು ಮರಳಿ ತರಲಾಗದು. ಮುಂದಿನ ಮಗು ವೇದಿಕೆಯನ್ನೇರಿದಾಗ, ವಾಚಕರೇ, ಕಮಾನು ತಂತಿಗೆ ತಾಗುವವರೆಗಾದರೂ ಕೈಗಳನ್ನು ತಡೆದು ಕಿವಿಗಳನ್ನು ತೆರೆದಿಡಿರೆಂದು ವಿನಂತಿಸಿಕೊಳ್ಳುತ್ತೇನೆ.